‘ಚಾರ್ಜ್’ ಪದ ಒಂದ, ಅರ್ಥ ಎಷ್ಟು? ನಮ್ಮ ಕಡಿ ಓದೋ ಹುಡುಗರ ಸಲುವಾಗಿ

ಸೇಡಂ ಹುಡುಗಿ
ಎಲ್ಲಾರಿಗೂ ಶರಣು. ನಾ ಕಲಬುರಗಿ ಹಾಸ್ಟೆಲಿನಾಗ ಇದ್ದು ಡಿಗ್ರಿ ಕೊನೆ ವರ್ಷ ಓದ್ಲತ್ತೀನಿ. ಎಸ್ಸೆಸ್ಸೆಲ್ಸಿ ತನಕ ಪೂರಾ ಕನ್ನಡ ಮಾಧ್ಯಮ. ಬ್ಯಾಂಕ್ ಪರೀಕ್ಷೆಗೂ ಪಿಡಿಒಗೂ ಕೂಡೇ ತಯಾರಿ ನಡದದ. ಇಂಗ್ಲಿಷಿನಾಗ ದೊಡ್ಡ ದೊಡ್ಡ ಪದ ಬಂದ್ರ ಡಿಕ್ಷನರಿ ನೋಡಿ ಕಲೀತೀನಿ. ದಿನಾ ಬಾಯಾಗ ಆಡೋ ಸಣ್ಣ ಪದಗಳೇ ತ್ರಾಸ ಕೊಡ್ತಾವ.

‘ಚಾರ್ಜ್’ ತಗೊಳ್ರಿ. ಮೊಬೈಲ್ ಚಾರ್ಜಿಗಿ ಹಚ್ಚತೀವಿ. ಬಸ್ ಚಾರ್ಜ್ ಕೊಡ್ತೀವಿ. ಗಲಾಟಿ ಆದ್ರ ಲಾಠಿ ಚಾರ್ಜ್ ಆಯ್ತು ಅಂತೀವಿ. ಪೇಪರಿನಾಗ ಚಾರ್ಜ್‌ಶೀಟ್ ಅಂತ ಓದ್ತೀವಿ. ಕಾಲೇಜಿನಾಗ ಇನ್‌ಚಾರ್ಜ್ ಪ್ರಿನ್ಸಿಪಾಲರು ಇರ್ತಾರ. ಇವೆಲ್ಲಾ ಒಂದೇ ಪದಾನೋ, ಇಲ್ಲಾ ಬ್ಯಾರೆ ಬ್ಯಾರೆ ಪದ ಒಂದೇ ಥರ ಕೇಳಸ್ತಾವೋ?

ಅಭ್ಯಾಸದ ಪುಸ್ತಕದೊಳಗ ಒಂದು ಬಿಟ್ಟ ಸ್ಥಳ ಅದ: ‘ದ ಪೊಲೀಸ್ ಚಾರ್ಜ್ಡ್ ಹಿಮ್ ___ ಥೆಫ್ಟ್’. ಉತ್ತರ ‘ವಿತ್’. ಅದೇ ‘ಅಕ್ಯೂಸ್ಡ್’ ಇದ್ರ ‘ಆಫ್’. ಎರಡಕ್ಕೂ ಆರೋಪ ಅಂತಾನೇ ಅರ್ಥ, ಹಂಗಿದ್ರ ಒಂದಕ್ಕ ‘ವಿತ್’, ಇನ್ನೊಂದಕ್ಕ ‘ಆಫ್’ ಯಾಕ? ಉತ್ತರ ಪುಸ್ತಕದ ಹಿಂದ ಅದ. ನನಗ ಕಾರಣ ಬೇಕಾಗ್ಯಾದ.

ನೌಕರಿ ಗುರಿ, ಚಿತ್ತಾಪುರ
ಅಕ್ಕಾ, ಪ್ರತಿಯೊಂದಕ್ಕೂ ಕಾರಣ ಹುಡುಕ್ಕೋತ ಕುಂತ್ರ ಸಿಲೆಬಸ್ ಮುಗಿಯಂಗಿಲ್ಲ. ಒಂದು ಯಾದಿ ಮಾಡ್ಕೋರಿ: ಚಾರ್ಜ್ ವಿತ್, ಅಕ್ಯೂಸ್ ಆಫ್, ಬ್ಲೇಮ್ ಫಾರ್. ಗ್ವಾಡಿಗಿ ಹಚ್ಚಿ ದಿನಾ ಓದ್ರಿ. ನಾವೆಲ್ಲಾ ಹಂಗೇ ಮಾಡ್ಲತ್ತೀವಿ.

ಇಂಗ್ಲಿಷ್ ಮಾಸ್ತರ, ಆಳಂದ ರಸ್ತೆ
ಯಾದಿ ಮಾಡೋದು ತಪ್ಪಲ್ಲ ತಮ್ಮಾ. ಆದ್ರ ಯಾದಿ ಪರೀಕ್ಷೆ ದಿನ ಕೈ ಕೊಡ್ತದ, ಕಾರಣ ಕೈ ಕೊಡಂಗಿಲ್ಲ. ಈ ಪದದ ಕಾರಣ ನಮ್ಮ ಹುಡುಗರಿಗಿ ತಿಳಿಯೋದು ಭಾಳ ಸಲೀಸು. ಕನ್ನಡದಾಗ ಅದೇ ವಿಚಾರ ಮೊದಲಿಂದ ಅದ, ಯಾರೂ ಜೋಡಿಸಿ ತೋರಿಸಿಲ್ಲ ಅಷ್ಟೇ.

ತಂಗಿ, ನೀ ಹೇಳಿದ್ದೆಲ್ಲಾ ಒಂದೇ ಪದ. ಹಳೇ ಲ್ಯಾಟಿನ್ನಿನಾಗ ‘ಕಾರ್ರುಸ್’ ಅಂದ್ರ ಬಂಡಿ. ಅದರಿಂದ ‘ಕಾರ್ರಿಕಾರೆ’ ಆಯ್ತು, ಬಂಡಿ ಮ್ಯಾಲ ಹೊರೆ ಹೇರೋದು ಅಂತ ಅರ್ಥ. ಫ್ರೆಂಚಿನಾಗ ಅದು ‘ಷಾರ್ಜೆ’ ಆಗಿ ಇಂಗ್ಲಿಷಿಗಿ ‘ಚಾರ್ಜ್’ ಆಗಿ ಬಂತು. ಕಾರ್, ಕ್ಯಾರಿ, ಕ್ಯಾರೇಜ್, ಕಾರ್ಗೋ ಎಲ್ಲಾ ಇದರ ಅಣ್ಣತಮ್ಮರೇ. ಮೂಗು ದೊಡ್ಡದು ಮಾಡಿ ಬರೆಯೋ ವ್ಯಂಗ್ಯಚಿತ್ರಕ್ಕ ‘ಕ್ಯಾರಿಕೇಚರ್’ ಅಂತಾರಲ್ಲ, ಅದೂ ಇದೇ ಮನೆತನದ್ದು. ಮುಖದ ಮ್ಯಾಲ ಹೆಚ್ಚಿಗಿ ಹೇರಿದ ಚಿತ್ರ ಅಂತ.

ಈಗ ಕನ್ನಡ ನೋಡು. ಆರೋಪವನ್ನ ನಾವು ಏನ್ ಮಾಡ್ತೀವಿ? ಹೊರಿಸ್ತೀವಿ. ಜವಾಬ್ದಾರಿಯನ್ನ? ಅದನ್ನೂ ಹೊರಿಸ್ತೀವಿ. ಸರ್ಕಾರ ಜನರ ಮ್ಯಾಲ ತೆರಿಗೆ ಹೊರೆ ಹೊರಿಸ್ತದ. ‘ಖರ್ಚೆಲ್ಲಾ ನನ್ನ ತಲಿ ಮ್ಯಾಲೇ ಬಿತ್ತು’ ಅಂತೀವಿ. ಆರೋಪ, ಜವಾಬ್ದಾರಿ, ರೊಕ್ಕ, ಈ ಮೂರನ್ನೂ ಇಂಗ್ಲಿಷಿನವರು ‘ಚಾರ್ಜ್’ ಅಂತಾರ, ನಾವು ‘ಹೊರಿಸು’ ಅಂತೀವಿ. ಎರಡೂ ಭಾಷೆಯವರು ಬಂಡಿ ಹೇರಿದವರೇ, ಹೊರೆ ಹೊತ್ತವರೇ.

ಇನ್ನ ನಿನ್ನ ‘ವಿತ್’ ವಿಷಯ. ಬಂಡಿಗಿ ಜ್ವಾಳದ ಚೀಲ ಹೇರಿದ್ರ ಇಂಗ್ಲಿಷಿನಾಗ ‘ಲೋಡೆಡ್ ದ ಕಾರ್ಟ್ ವಿತ್ ಜೋವಾರ್’ ಅಂತೀವಿ. ಮನುಷ್ಯಾನ ಮ್ಯಾಲ ಕಳವಿನ ಹೊರೆ ಹೇರಿದ್ರ ‘ಚಾರ್ಜ್ಡ್ ಹಿಮ್ ವಿತ್ ಥೆಫ್ಟ್’. ‘ಹೇರು’ ಅನ್ನೋ ಅರ್ಥ ಒಳಗ ಇರೋದ್ರಿಂದ ‘ವಿತ್’ ಬಂತು. ‘ಅಕ್ಯೂಸ್’ನೊಳಗ ಆ ಹೊರೆ ಇಲ್ಲ, ಅದರ ದಾರಿ ಬ್ಯಾರೆ.

ಸೇಡಂ ಹುಡುಗಿ
ಸರ್, ‘ಹೊರಿಸು’ ಅಂದ ಕೂಡಲೇ ಬೆಳಕು ಬಿದ್ದಂಗ ಆಯ್ತು. ಇಷ್ಟು ವರ್ಷ ಯಾರೂ ಹಿಂಗ ಹೇಳಿದ್ದಿಲ್ಲ.

ಗಂಜ್ ಅಡತಿ
ನಾವು ಕಲಬುರಗಿ ಗಂಜಿನಾಗ ತೊಗರಿ ವ್ಯಾಪಾರ ಮಾಡೋರು. ಮಾಸ್ತರ ಹೇಳಿದ್ದು ನಮಗ ದಿನಾ ಕಾಣೋ ಮಾತು. ಸುಗ್ಗಿ ಟೈಮಿನಾಗ ರೈತ ಟ್ರ್ಯಾಕ್ಟರ್ ತಂದು ನಿಲ್ಲಿಸ್ತಾನ. ಹಮಾಲರು ಚೀಲ ಇಳಸ್ತಾರ, ತೂಕ ಆಗ್ತದ, ಮತ್ತ ಲಾರಿಗಿ ಹೇರ್ತಾರ. ಪಟ್ಟಿ ಬರೆಯೋವಾಗ ಹಮಾಲಿ, ತೂಕ, ಲೋಡಿಂಗ್ ಚಾರ್ಜ್ ಅಂತ ಒಂದೊಂದು ಸಾಲು ಬರ್ತದ. ಹೇರಿದ್ದಕ್ಕ ಹೇರಿದ ಲೆಕ್ಕ! ನಮ್ಮ ಹಳೇ ಮುನೀಮರು ಇದಕ್ಕ ‘ಭರಾಯಿ’ ಅಂತಿದ್ರು.

ಒಂದು ಮಾತು ಕೇಳ್ತೀನ್ರಿ. ಚಾರ್ಜ್ ಮತ್ತು ಖರ್ಚು, ಎರಡರ ಸಪ್ಪಳ ಒಂದೇ, ಅರ್ಥಾನೂ ಬಾಜೂಕ ಬಾಜೂಕ ಅದ. ಖರ್ಚೇ ವಿಲಾಯತಿಗಿ ಹೋಗಿ ಚಾರ್ಜ್ ಆಗ್ಯಾದ ಅಂತ ನಮ್ಮ ಕಾಕಾ ಹೇಳ್ತಿದ್ರು. ಖರೇ ಏನ್ರಿ?

ರೋಜಾ ಓಣಿ
ಅಡತಿ ಸಾಹೇಬರೇ, ಅದು ಹಂಗಲ್ಲರಿ. ಖರ್ಚು ನಮ್ಮ ಕಡಿ ಬಂದದ್ದು ಫಾರಸಿಯಿಂದ, ಅದರ ಬೇರು ಅರಬಿಯೊಳಗ ಅದ. ಖ, ರ, ಜ ಅನ್ನೋ ಮೂರು ಅಕ್ಷರದ ಬೇರು, ‘ಹೊರಗ ಹೋಗು’ ಅಂತ ಅರ್ಥ. ಕೈಯಿಂದ ಹೊರಗ ಹೋದ ರೊಕ್ಕ ಖರ್ಚು. ಅದೇ ಬೇರಿನಿಂದಾನೇ ‘ಖಾರಿಜ್’. ಅರ್ಜಿ ಖಾರಿಜ್ ಆಯ್ತು ಅಂದ್ರ ಕಚೇರಿಯಿಂದ ಹೊರಗ ಹಾಕಿದ್ರು. ಚಾರ್ಜ್ ಬಂಡಿಯಿಂದ ಬಂತು, ಖರ್ಚು ಬಾಗಿಲ ದಾಟಿ ಬಂತು. ಸಪ್ಪಳ ಕೂಡ್ಯಾದ, ಸಂಬಂಧ ಇಲ್ಲ.

ನಮ್ಮ ಭಾಗ 1948ರ ತನಕ ನಿಜಾಮರ ಆಳ್ವಿಕೆಯೊಳಗ ಇತ್ತು. ಕಚೇರಿ ಭಾಷೆ ಉರ್ದು. ಆವಾಗ ಒಂದೊಂದಕ್ಕ ಒಂದೊಂದು ಪದ ಇತ್ತು. ಬಸ್ಸಿಂದು ಕಿರಾಯಾ. ಜವಾಬ್ದಾರಿ ಜಿಮ್ಮಾ. ಆರೋಪ ಇಲ್ಜಾಮ್. ನಮ್ಮ ಮನಿಯೊಳಗ ಹಿರಿಯರು ಇವತ್ತಿಗೂ ಹಂಗೇ ಮಾತಾಡ್ತಾರ. ಹುಡುಗರ ಬಾಯಾಗ ಮೂರೂ ಹೋಗಿ ‘ಚಾರ್ಜ್’ ಒಂದೇ ಉಳಿದದ. ಇಂಗ್ಲಿಷ್ ಕಲೀರಿ, ಬ್ಯಾಡ ಅನ್ನಂಗಿಲ್ಲ. ಮನಿಯಾಗಿನ ಈ ಪದಗಳನ್ನ ಕಳ್ಕೋಬ್ಯಾಡ್ರಿ.

ಕೋರ್ಟ್ ರಸ್ತೆ
ನಾನು ವಕೀಲಿ ವೃತ್ತಿಯಲ್ಲಿದ್ದೇನೆ. ‘ಚಾರ್ಜ್’ ಬಗ್ಗೆ ನಮ್ಮ ಯುವಕರಿಗೆ ಇರುವ ಒಂದು ತಪ್ಪು ಕಲ್ಪನೆ ಪರೀಕ್ಷೆಗಿಂತ ಬದುಕಿಗೆ ಹೆಚ್ಚು ತೊಂದರೆ ಕೊಡುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಊರಲ್ಲಿ ಯಾರ ಮೇಲಾದರೂ ಚಾರ್ಜ್‌ಶೀಟ್ ಆಯಿತು ಎಂದರೆ ಅಪರಾಧ ಸಾಬೀತಾದಂತೆಯೇ ಮಾತನಾಡುತ್ತಾರೆ. ಹಾಗಲ್ಲ. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ, ಕನ್ನಡದಲ್ಲಿ ದೋಷಾರೋಪ ಪಟ್ಟಿ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಅದು 193ನೇ ಕಲಂ. ಆರೋಪಿ ಜೈಲಿನಲ್ಲಿದ್ದರೆ ಈ ವರದಿಯನ್ನು ಪ್ರಕರಣದ ಗಂಭೀರತೆ ನೋಡಿ 60 ಅಥವಾ 90 ದಿನಗಳೊಳಗೆ ಸಲ್ಲಿಸಬೇಕು. ಇಲ್ಲವಾದರೆ ಆತನಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆ.

ವರದಿ ಬಂದ ಮೇಲೆ ನ್ಯಾಯಾಧೀಶರು ಅದನ್ನು ನೋಡಿ, ವಿಚಾರಣೆ ನಡೆಸುವಷ್ಟು ಹುರುಳಿದೆ ಎನಿಸಿದರೆ ಮಾತ್ರ ಆರೋಪ ನಿಗದಿ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇದೇ ‘ಫ್ರೇಮಿಂಗ್ ಆಫ್ ಚಾರ್ಜಸ್’. ಹುರುಳಿಲ್ಲದಿದ್ದರೆ ಅಲ್ಲಿಯೇ ‘ಡಿಸ್ಚಾರ್ಜ್’, ಅಂದರೆ ಹೊರಿಸಿದ್ದನ್ನು ಇಳಿಸುವುದು. ಪೂರ್ತಿ ವಿಚಾರಣೆ ನಡೆದು ನಿರಪರಾಧಿ ಎಂದು ತೀರ್ಪು ಬಂದರೆ ಅದು ‘ಅಕ್ವಿಟಲ್’, ನಮ್ಮ ಖುಲಾಸೆ. ಡಿಸ್ಚಾರ್ಜ್ ಮತ್ತು ಅಕ್ವಿಟಲ್ ಎರಡಕ್ಕೂ ‘ಬಿಡುಗಡೆ’ ಎಂದು ಒಂದೇ ಪದ ಬರೆದುಕೊಂಡವರು ಕಾನೂನು ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಒಂದು ಆರೋಪ ನಿಗದಿಗೆ ಮೊದಲು, ಇನ್ನೊಂದು ವಿಚಾರಣೆ ಮುಗಿದ ಮೇಲೆ.

ಹುಡುಗರೇ, ಯಾರ ಬಗ್ಗೆಯೂ ‘ಚಾರ್ಜ್‌ಶೀಟ್ ಆಗ್ಯಾದ, ಮುಗೀತು ಅವನ ಕಥಿ’ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಹೊರೆ ಹೊರಿಸಿದ್ದಾರೆ, ತೀರ್ಪು ಆಗಿಲ್ಲ.

ಸ್ಟಾಫ್ ನರ್ಸ್
ದವಾಖಾನಿಯೊಳಗ ಡಿಸ್ಚಾರ್ಜ್ ದಿನಾ ಕೇಳ್ತೀವಿ. ಯಾವ ಪೇಷಂಟಿನ ಕಡಿಯವರೂ ‘ಬಿಡುಗಡೆ’ ಅನ್ನಂಗಿಲ್ಲ, ‘ಡಿಚಾರ್ಜ್ ಯಾವಾಗ ಮಾಡ್ತೀರಿ ಸಿಸ್ಟರ್’ ಅಂತಾನೇ ಕೇಳ್ತಾರ. ಆದ್ರ ಅದೇ ದವಾಖಾನಿಯೊಳಗ ಡಿಸ್ಚಾರ್ಜಿಗಿ ಇನ್ನೊಂದು ಅರ್ಥ ಅದ. ಗಾಯದಿಂದ ಕೀವು, ಕಿವಿಯಿಂದ ನೀರು ಸೋರಿದ್ರ ಅದಕ್ಕೂ ಡಿಸ್ಚಾರ್ಜ್ ಅಂತಾರ. ಡಾಕ್ಟರ್ ಫೈಲಿನೊಳಗ ‘ನೋ ಡಿಸ್ಚಾರ್ಜ್ ಫ್ರಮ್ ದ ವೂಂಡ್’ ಅಂತ ಬರೀತಾರ. ಓದಿದ ಹುಡುಗರೇ ಅದನ್ನ ನೋಡಿ ‘ಇವತ್ತು ಮನಿಗಿ ಕಳಸಂಗಿಲ್ಲಂತ’ ಅಂತ ಅವ್ವಗ ಹೇಳ್ತಾರ, ಆಕಿ ಅಲ್ಲೇ ಅಳ್ಲಾಕ ಶುರು ಮಾಡ್ತಾಳ. ಖರೇ ಅಂದ್ರ ಅದು ಛಲೋ ಸುದ್ದಿ. ಗಾಯ ಒಣಗ್ಲತ್ತದ ಅಂತ. ಮುಂದ ‘ಫ್ರಮ್ ದ ವೂಂಡ್’ ಇರೋದು ಓದ್ಬೇಕು.

ನನ್ನದೊಂದು ಪ್ರಶ್ನೆ ಮಾಸ್ತರ್‌ಗ. ನರ್ಸಿಂಗ್ ಓದೋವಾಗ ‘ಇನ್ ಚಾರ್ಜ್ ಆಫ್’ ಮತ್ತ ‘ಇನ್ ದ ಚಾರ್ಜ್ ಆಫ್’ ಅಂತ ಎರಡು ಬರ್ತಿದ್ವು. ನಡುವಿನ ‘ದ’ ಇಷ್ಟು ದೊಡ್ಡದಾ?

ಇಂಗ್ಲಿಷ್ ಮಾಸ್ತರ, ಆಳಂದ ರಸ್ತೆ
ಭಾಳ ದೊಡ್ಡದು ಸಿಸ್ಟರ್. ಸ್ಪರ್ಧಾತ್ಮಕ ಪರೀಕ್ಷೆಯವರು ಹುಡುಕಿ ಹುಡುಕಿ ಇದನ್ನೇ ಕೇಳ್ತಾರ. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಅಂದ್ರ ಹೊರೆ ಹೊತ್ತಾಕಿ ನರ್ಸ್, ಕೂಸು ಆಕಿ ಜಿಮ್ಮಾ. ‘ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಅಂದ್ರೂ ಸಂಗತಿ ಅದೇ, ಆದ್ರ ಮಾತು ಕೂಸಿನಿಂದ ಶುರು ಆಗ್ಯಾದ, ಕೂಸು ನರ್ಸಿನ ಜಿಮ್ಮಾದಾಗ ಅದ. ‘ದ’ ಇಲ್ಲದಿದ್ರ ಮೊದಲು ಬಂದಾಕಿ ಹೊತ್ತಾಕಿ. ‘ದ’ ಇದ್ರ ಮೊದಲು ಬಂದದ್ದು ಹೊರೆ. ರೋಜಾ ಓಣಿಯವರು ಹೇಳಿದ ‘ಜಿಮ್ಮಾ’ ಇಲ್ಲಿ ಹೆಂಗ ಕೂಡ್ತದ ನೋಡ್ರಿ.

ಇನ್ನ ‘ಇನ್‌ಚಾರ್ಜ್ ಪ್ರಿನ್ಸಿಪಾಲ್’. ನಮ್ಮ ಕಚೇರಿಗಳೊಳಗ ಇದಕ್ಕ ‘ತಾತ್ಪೂರ್ತಿಕ’ ಅಂತ ಅರ್ಥ ಬಂದು ಕೂಡ್ಯಾದ, ಕಾಯಂ ಪ್ರಾಂಶುಪಾಲರು ಬರೋ ತನಕ ನೋಡ್ಕೊಳ್ಳೋರು. ಕನ್ನಡದ ಆದೇಶದಾಗ ‘ಪ್ರಭಾರ ಪ್ರಾಂಶುಪಾಲ’ ಅಂತಾರ. ಪ್ರಭಾರದೊಳಗ ‘ಭಾರ’ ಕುಂತದ, ಕಂಡ್ರಾ? ಅಡಿಷನಲ್ ಚಾರ್ಜ್ ಅಂದ್ರ ಹೆಚ್ಚುವರಿ ಪ್ರಭಾರ. ಹಿಂದಿಯವರು ಸರ್‌ಚಾರ್ಜಿಗಿ ‘ಅಧಿಭಾರ್’ ಅಂತಾರ. ಎಲ್ಲಿ ಹೋದ್ರೂ ಹೊರೆ ಬಿಡಂಗಿಲ್ಲ.

ಆದ್ರ ಒಂದು ಎಚ್ಚರ. ಮನುಷ್ಯಾಗೇ ‘ಹೀ ಈಸ್ ದ ಇನ್‌ಚಾರ್ಜ್’ ಅನ್ನೋದು ನಮ್ಮ ದೇಶದ ಇಂಗ್ಲಿಷ್. ಹೊರಗಿನವರ ಕೂಡ ಮಾತಾಡೋವಾಗ ‘ಹೀ ಈಸ್ ಇನ್ ಚಾರ್ಜ್ ಆಫ್ ದ ಲ್ಯಾಬ್’ ಅಂತ ಅನ್ರಿ.

ಬೀದರ್ ಕೋಟಿ
ನಾನು ಬೀದರಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ‘ಚಾರ್ಜ್’ ನಮ್ಮ ತರಗತಿಗೆ ಬಂದಾಗ ಮಕ್ಕಳು ಮೊಬೈಲ್ ನೆನೆಸಿಕೊಳ್ಳುತ್ತಾರೆ, ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ವಿದ್ಯುತ್ತಿಗೆ ಈ ಪದ ಬಂದದ್ದು 1740ರ ದಶಕದ ಕೊನೆಯಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಪ್ರಯೋಗ ಮಾಡುತ್ತಿದ್ದ ಕಾಲಕ್ಕೆ. ಆಗ ಬಂದೂಕಿಗೆ ಮದ್ದು ತುಂಬುವುದಕ್ಕೂ ಚಾರ್ಜ್ ಎನ್ನುತ್ತಿದ್ದರು. ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬಿಡುವುದಕ್ಕೂ ಅದೇ ಪದ ಬಳಕೆಗೆ ಬಂತು. ಅಂಥ ಜಾಡಿಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಅವರು ‘ಬ್ಯಾಟರಿ’ ಎಂದರು. ಸೈನ್ಯದಲ್ಲಿ ಫಿರಂಗಿಗಳ ಸಾಲಿಗೆ ಬ್ಯಾಟರಿ ಎನ್ನುತ್ತಾರಲ್ಲ, ಅಲ್ಲಿಂದ ತೆಗೆದುಕೊಂಡದ್ದು. ನಿಮ್ಮ ಕೈಯಲ್ಲಿರುವ ಮೊಬೈಲಿನ ಎರಡು ಪದಗಳೂ ಯುದ್ಧಭೂಮಿಯಿಂದ ಬಂದಿವೆ!

ಪಠ್ಯಪುಸ್ತಕದಲ್ಲಿ ಚಾರ್ಜ್ ಎಂದರೆ ವಿದ್ಯುದಾವೇಶ, ಅದು ವಸ್ತುವಿನ ಒಂದು ಗುಣ. ಎಲೆಕ್ಟ್ರಾನಿನದು ಋಣ, ಪ್ರೋಟಾನಿನದು ಧನ, ಅಳೆಯುವ ಮಾನ ಕೂಲಂಬ್. ಮೊಬೈಲ್ ‘ಚಾರ್ಜ್ ಆಗಿದೆ’ ಎಂದಾಗ ಅದರೊಳಗೆ ಎಲೆಕ್ಟ್ರಾನುಗಳು ಹೊಸದಾಗಿ ಬಂದು ಕೂತಿರುವುದಿಲ್ಲ. ಒಂದು ತುದಿಯಿಂದ ಎಷ್ಟು ಒಳಗೆ ಹೋದವೋ ಇನ್ನೊಂದು ತುದಿಯಿಂದ ಅಷ್ಟೇ ಹೊರಗೆ ಬಂದಿರುತ್ತವೆ. ಲಿಥಿಯಂ ಅಯಾನುಗಳು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿದು ಶಕ್ತಿ ಕೂಡಿರುತ್ತದೆ. ಫುಲ್ ಚಾರ್ಜ್ ಆದ ಬ್ಯಾಟರಿ ಒಟ್ಟಾರೆ ತಟಸ್ಥವೇ. ಆದರೆ ಡಬ್ಬಿಯ ಮೇಲೆ ಬರೆದ 5000 ಎಂಎಎಚ್ ಮಾತ್ರ ನಿಜವಾದ ಚಾರ್ಜಿನ ಲೆಕ್ಕ. 5 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಎಷ್ಟೋ ಅಷ್ಟು. ಒಂದು ಗಂಟೆಗೆ 3600 ಸೆಕೆಂಡು, ಗುಣಿಸಿದರೆ 18,000 ಕೂಲಂಬ್. ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದರೆ ಹಿಂದಿನ ಬೆಂಚಿನವರೂ ಮೊಬೈಲ್ ತಿರುವಿ ನೋಡುತ್ತಾರೆ.

ಇನ್ನು ‘ರೀಚಾರ್ಜ್’. ಅದಕ್ಕೆ ಸಿಮ್ಮಿಗೆ ಹಾಕಿಸುವ ರೊಕ್ಕ ಎಂಬ ಅರ್ಥ ಒಂದೇ ಅಲ್ಲ. ಅಂತರ್ಜಲ ಮರುಪೂರಣಕ್ಕೂ ಇಂಗ್ಲಿಷಿನಲ್ಲಿ ರೀಚಾರ್ಜ್ ಎಂದೇ ಹೇಳುವುದು, ಭೂಗೋಳದ ಪತ್ರಿಕೆಯಲ್ಲಿ ಇದು ಬರುತ್ತದೆ. ನೋಡಬೇಕೆನಿಸಿದರೆ ಬೀದರಿನ ನೌಬಾದಿಗೆ ಬನ್ನಿ. ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಎನ್ನುತ್ತಾರೆ, ಪರ್ಷಿಯಾದಿಂದ ಬಂದ ವಿದ್ಯೆ. ನಮ್ಮ ಕೆಂಪು ಜಂಬಿಟ್ಟಿಗೆ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕೆಳಗಿನ ಕರಿಕಲ್ಲು ತಡೆದು ನಿಲ್ಲಿಸುತ್ತದೆ, ಆ ನೀರನ್ನು ಇಳಿಜಾರಿನ ಸುರಂಗದಲ್ಲಿ ಹರಿಸಿ ತಂದರು. ಮೇಲಿನಿಂದ ಸಾಲಾಗಿ ತೋಡಿದ ಗಾಳಿಬಾವಿಗಳು ಈಗಲೂ ಕಾಣುತ್ತವೆ. ಮೇಲೆ ನೀರು ಇಂಗಲು ಜಾಗ ಬಿಡದೆ ಕಟ್ಟಡ ಕಟ್ಟುತ್ತಾ ಹೋದರೆ ಆ ಸುರಂಗಕ್ಕೆ ರೀಚಾರ್ಜ್ ಆಗುವುದಿಲ್ಲ. ಈ ಮಾತನ್ನು ಹುಡುಗರಿಗೆ ಹೇಳಲೇಬೇಕು.

ಹುಣಸಗಿ ರೈತ
ಸರ್ ರೀಚಾರ್ಜ್ ಅಂದ್ರು, ನಮ್ಮ ಕಡಿ ಮಳಿಗಾಲದಾಗ ನಡೆಯೋದು ಡಿಸ್ಚಾರ್ಜ್. ನಾರಾಯಣಪುರದ ಬಸವಸಾಗರದಿಂದ ನದಿಗಿ ನೀರು ಬಿಟ್ರ ‘ಇಷ್ಟು ಕ್ಯೂಸೆಕ್ ಡಿಸ್ಚಾರ್ಜ್’ ಅಂತ ಮೆಸೇಜ್ ಬರ್ತದ. ನದಿ ದಂಡಿಯವರು ಅದನ್ನ ನೋಡೇ ಮೋಟರು, ದನ ಮ್ಯಾಲಕ ತರ್ತಾರ. ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗಿ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದ್ರ ಸೆಕೆಂಡಿಗಿ 28 ಲಕ್ಷ ಲೀಟರ್. ಊರಿನ ಓದಿದ ಹುಡುಗರು ಆ ಮೆಸೇಜ್ ಓದಿ ಹಿರಿಯರಿಗಿ ಸಮಾ ತಿಳಿಸಿ ಹೇಳ್ಬೇಕು. ಇದು ಪರೀಕ್ಷೆ ಮಾತಲ್ಲ, ಜೀವದ ಮಾತು.

ಸೇಡಂ ಹುಡುಗಿ
ಎಲ್ಲಾರಿಗೂ ಧನ್ಯವಾದ. ನೋಟ್ಸ್ ಮಾಡ್ಕೋಲತ್ತೀನಿ. ಇನ್ನೊಂದು: ಇಂಟರ್ವ್ಯೂದಾಗ ‘ಬಸ್ ಚಾರ್ಜ್’ ಅನ್ನಬಹುದಾ?

ಬೆಂಗಳೂರಿನಾಗ ಇರೋ ಕಲಬುರಗಿಯವ
ಅರ್ಥ ಆಗ್ತದ ತಂಗಿ, ಆದ್ರ ‘ಬಸ್ ಫೇರ್’ ಅನ್ನು. ನಾ ಇಲ್ಲಿ ಕಂಪನಿಯೊಳಗ ಹೊಸ ಹುಡುಗರನ್ನ ತಗೊಳ್ಳೋ ಕೆಲಸ ಮಾಡ್ತೀನಿ. ಪ್ರಯಾಣಕ್ಕ ಕೊಡೋದು ಫೇರ್. ಡಾಕ್ಟರ್, ವಕೀಲ, ಕಾಲೇಜಿಗಿ ಕೊಡೋದು ಫೀ. ರಸ್ತೆಗಿ ಟೋಲ್. ಮನಿಗಿ ರೆಂಟ್. ಕಾನೂನು ಮುರಿದದ್ದಕ್ಕ ಫೈನ್. ಸಾಮಾನಿಗಿ ಪ್ರೈಸ್. ಸೇವೆ ಮಾಡಿದ್ದಕ್ಕ, ಒಂದು ಸೌಕರ್ಯ ಕೊಟ್ಟದ್ದಕ್ಕ ಕೇಳೋದು ಚಾರ್ಜ್: ಡೆಲಿವರಿ ಚಾರ್ಜ್, ಸರ್ವಿಸ್ ಚಾರ್ಜ್. ಮನಿಗಿ ಬರೋ ಜೆಸ್ಕಾಂ ಬಿಲ್ ತೆಗೆದು ನೋಡು, ಎನರ್ಜಿ ಚಾರ್ಜ್ ಬ್ಯಾರೆ, ಫಿಕ್ಸಡ್ ಚಾರ್ಜ್ ಬ್ಯಾರೆ. ಸುಟ್ಟ ಯೂನಿಟ್ಟಿಗಿ ಒಂದು, ಮನಿಗಿ ಮಂಜೂರಾದ ಲೋಡಿಗಿ ಇನ್ನೊಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯೊಳಗ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಾಗ ‘ಫ್ರೀ ಆಫ್ ಚಾರ್ಜ್’ ಹೋಗ್ತಾರ. ಇಲ್ಲಿ ಮಾತ್ರ ಬಸ್ಸಿಗೂ ಚಾರ್ಜ್ ನಡೀತದ, ಯಾಕಂದ್ರ ಅದು ಕಟ್ಟಿಟ್ಟ ನುಡಿಗಟ್ಟು.

ನಮ್ಮ ಭಾಗದ ಹುಡುಗರು ಬುದ್ಧಿಯೊಳಗ ಯಾರಿಗೂ ಕಮ್ಮಿ ಇಲ್ಲ. ಇಂಥಾ ಸಣ್ಣ ಪದದಾಗ ಧೈರ್ಯ ಕಳ್ಕೊಂಡು ಸುಮ್ನ ಕುಂದರ್ತಾರ, ಅದು ನನಗ ಭಾಳ ಸಂಕಟ. ತಪ್ಪಾದ್ರೂ ಮಾತಾಡ್ರಿ.

ನೌಕರಿ ಗುರಿ, ಚಿತ್ತಾಪುರ
ಮಾಸ್ತರ್, ಎಲ್ಲಾ ಹೊರೆ ಅಂದ್ರಿ. ಲಾಠಿ ಚಾರ್ಜಿನಾಗ ಹೊರೆ ಎಲ್ಲದ? ಅಲ್ಲಿ ಓಡಿ ಬಂದು ಹೊಡೀತಾರ.

ಇಂಗ್ಲಿಷ್ ಮಾಸ್ತರ, ಆಳಂದ ರಸ್ತೆ
ಛಲೋ ಪ್ರಶ್ನೆ. ಈ ಒಂದು ಅರ್ಥ ಬೇರಿನಿಂದ ದೂರ ಹೋಗ್ಯಾದ. ಬೀದರಿನ ಸರ್ ಹೇಳಿದಂಗ ಮೊದಲು ಆಯುಧಕ್ಕ ಮದ್ದು ಹೇರೋದು, ಅಣಿ ಮಾಡೋದು ಚಾರ್ಜ್. ಆಮ್ಯಾಲ ಆಯುಧ ಅಣಿ ಮಾಡಿ ನುಗ್ಗೋದೂ ಚಾರ್ಜ್ ಆಯ್ತು ಅಂತ ವಿದ್ವಾಂಸರು ಊಹೆ ಮಾಡ್ತಾರ. 16ನೇ ಶತಮಾನದಾಗ ಈ ಅರ್ಥ ಬಳಕೆಗಿ ಬಂತು.

ನಮ್ಮ ಪೇಪರಿನವರು ‘ಲಾಠಿ ಪ್ರಹಾರ’ ಅಂತ ಬರೀತಾರ. ಪ್ರಹಾರ ಅಂದ್ರ ಹೊಡೆತ. ಇಂಗ್ಲಿಷಿನ ಚಾರ್ಜಿನೊಳಗ ಹೊಡೆತ ಇಲ್ಲ, ನುಗ್ಗಾಟ ಅದ, ಹೊಡೆತ ಆಮ್ಯಾಲಿಂದು. ಹೋರಿ ಕೊಂಬು ಬಗ್ಗಿಸಿ ಹಾಯ್ಲಾಕ ಬರ್ತದಲ್ಲ, ‘ದ ಬುಲ್ ಚಾರ್ಜ್ಡ್ ಅಟ್ ಅಸ್’ ಅಂದ್ರ ಅದೇ. ಹಾಯ್ದು ಗಾಯ ಮಾಡ್ತೋ ಇಲ್ಲೋ ಆ ವಾಕ್ಯ ಹೇಳಂಗಿಲ್ಲ. ‘ಹಾಯು’ ನಮ್ಮ ಹಳ್ಳಿ ಪದ, ಎಷ್ಟು ತೂಕ ಹಿಡಿದಂಗ ಅದ ನೋಡ್ರಿ.

ಎಲ್ಲಾರೂ ಈ ನಾಲ್ಕು ತುಂಬ್ರಿ. ಒಂದು: ‘ಶಿ ವಾಸ್ ಚಾರ್ಜ್ಡ್ ___ ಚೀಟಿಂಗ್’. ಎರಡು: ‘ದೇ ಚಾರ್ಜ್ಡ್ ಅಸ್ ಟ್ವೆಂಟಿ ರುಪೀಸ್ ___ ಟೀ’. ಮೂರು: ‘ದ ಬುಲ್ ಚಾರ್ಜ್ಡ್ ___ ದ ಬಾಯ್ಸ್’. ನಾಲ್ಕು: ‘ದ ಓಲ್ಡ್ ಮ್ಯಾನ್ ಕುಡ್ ನಾಟ್ ವಾಕ್, ಸೋ ಹೀ ವಾಸ್ ಲೆಫ್ಟ್ ___ ಚಾರ್ಜ್ ಆಫ್ ಹಿಸ್ ನೆಫ್ಯೂ’.

ನೌಕರಿ ಗುರಿ, ಚಿತ್ತಾಪುರ
ವಿತ್, ಫಾರ್, ಅಟ್, ಇನ್.

ಸೇಡಂ ಹುಡುಗಿ
ಮೊದಲಿನ ಮೂರಕ್ಕ ನಂದೂ ಅದೇ. ನಾಲ್ಕಕ್ಕ ‘ಇನ್ ದ’. ಮುತ್ಯಾಗ ನಡೀಲಾಕ ಬರಂಗಿಲ್ಲ, ಅಂದ್ರ ಹೊರೆ ಮುತ್ಯಾ, ಹೊತ್ತವ ಅಣ್ಣತಮ್ಮನ ಮಗ. ಬರೀ ‘ಇನ್’ ಅಂದ್ರ ಮುತ್ಯಾನೇ ಹುಡುಗನ್ನ ನೋಡ್ಕೊಂಡಂಗ ಆಗ್ತದ. ಹಂಗಲ್ಲೇನ್ರಿ ಸರ್?

ಇಂಗ್ಲಿಷ್ ಮಾಸ್ತರ, ಆಳಂದ ರಸ್ತೆ
ಹಂಗೇ ತಂಗಿ. ತಮ್ಮಾ, ‘ಕುಡ್ ನಾಟ್ ವಾಕ್’ ಅನ್ನೋದು ಇಲ್ಲದಿದ್ರ ನಿನ್ನ ಉತ್ತರಾನೂ ವ್ಯಾಕರಣಕ್ಕ ಸರಿ ಆಗ್ತಿತ್ತು. ಪ್ರಶ್ನೆ ತೆಗೆಯೋರು ಆ ಸುಳಿವು ವಾಕ್ಯದೊಳಗೇ ಇಟ್ಟಿರ್ತಾರ. ಬಿಟ್ಟ ಸ್ಥಳಕ್ಕಿಂತ ಮೊದಲು ಅದನ್ನ ಹುಡುಕು. ಮೂರನೇದಕ್ಕ ಒಂದು ಸೇರಿಸ್ಕೋರಿ: ‘ಅಟ್’ ಬಿಟ್ಟು ‘ದ ಬುಲ್ ಚಾರ್ಜ್ಡ್ ದ ಬಾಯ್ಸ್’ ಅಂದ್ರೂ ಹಾಯ್ಲಾಕ ಬಂತು ಅಂತಾನೇ ಅರ್ಥ. ಆದ್ರ ‘ದ ಪೊಲೀಸ್ ಚಾರ್ಜ್ಡ್ ದ ಬಾಯ್ಸ್’ ಅಂದಾಗ ನುಗ್ಗಿದ್ರೋ ಆರೋಪ ಹೊರಿಸಿದ್ರೋ ಎರಡೂ ಆಗಬಹುದು. ಅಲ್ಲಿ ಮುಂದ ‘ವಿತ್’ ಅದ ಏನು ಅಂತ ನೋಡ್ಕೋರಿ.